ಅಂಗಡಿಗೆ ಬಂದರೆ ಸುಂಕ ಸೊನ್ನೆ, ಸೂಟ್‌ಕೇಸಿನಲ್ಲಿ ಬಂದರೆ ಮೂವತ್ತೆಂಟೂವರೆ!

ಗೊಟ್ಟಿಗೆರೆ: ಬನ್ನೇರುಘಟ್ಟ ರಸ್ತೆಯ ಈ ಕಡೆಯ ಬಡಾವಣೆಗಳಲ್ಲಿ ಓಣಿಗೊಬ್ಬರಾದರೂ ಕಂಪ್ಯೂಟರ್ ಕೆಲಸದವರು ಸಿಕ್ಕೇ ಸಿಗುತ್ತಾರೆ. ಮಗ ಜರ್ಮನಿಗೆ, ಮಗಳು ಅಮೆರಿಕಕ್ಕೆ, ಅಳಿಯ ಸಿಂಗಪುರಕ್ಕೆ ಎಂದು ಮೂರು ತಿಂಗಳು, ಆರು ತಿಂಗಳು ಹೋಗಿ ಬರುವುದು ಇಲ್ಲಿ ತಿರುಪತಿಗೆ ಹೋಗಿ ಬಂದಷ್ಟೇ ಮಾಮೂಲಿ ಸಂಗತಿ. ಹೊರಟವರಿಗೆ ನೆಂಟರು, ಬೀಗರು, ಮೂಲೆ ಅಂಗಡಿಯವರು ಎಲ್ಲರೂ ಹೇಳುವುದು ಒಂದೇ ಮಾತು: "ಬರೋವಾಗ ನಮ್ಮ ಹುಡುಗನಿಗೂ ಒಂದು ಲ್ಯಾಪ್‌ಟಾಪ್ ಹಾಕ್ಕೊಂಡು ಬಂದ್ಬಿಡಪ್ಪ, ಅಲ್ಲಿ ಅಗ್ಗವಂತೆ."

ಹೇಳುವವರಿಗೆ ಅದು ಬಾಯಿಮಾತು. ಹೊತ್ತು ತರುವವನಿಗೆ ವಿಮಾನ ಇಳಿದ ಕ್ಷಣದಿಂದ ಎದೆ ಡವಡವ. ಬೆಲ್ಟಿನಿಂದ ಪೆಟ್ಟಿಗೆ ಇಳಿಸಿಕೊಂಡು ಹೊರಬಾಗಿಲ ಕಡೆ ತಿರುಗಿದರೆ ಎದುರಿಗೆ ಎರಡು ದಾರಿ. ಒಂದು ಹಸಿರು, ಇನ್ನೊಂದು ಕೆಂಪು. ಸುಂಕ ಕಟ್ಟುವಂಥದ್ದು ಏನೂ ಇಲ್ಲದವರಿಗೆ ಹಸಿರು, ಇರುವವರಿಗೆ ಕೆಂಪು. ಪೆಟ್ಟಿಗೆಯಲ್ಲಿ ಆಫೀಸಿನದೊಂದು, ಸ್ವಂತದ್ದೊಂದು, ನೆಂಟರ ಹುಡುಗನಿಗೆಂದು ಇನ್ನೊಂದು, ಹೀಗೆ ಮೂರು ಲ್ಯಾಪ್‌ಟಾಪ್ ಇಟ್ಟುಕೊಂಡವನು ಯಾವ ಕಡೆ ಕಾಲಿಡಬೇಕು? "ಸುಮ್ನೆ ಹಸಿರಲ್ಲಿ ನಡ್ಕೊಂಡು ಬಂದ್ಬಿಡು, ಯಾರು ಕೇಳ್ತಾರೆ" ಎನ್ನುವವರು ಬೇಕಾದಷ್ಟು. ಕೇಳಿದ ದಿನ ಮಾತ್ರ ಅವರು ಯಾರೂ ಪಕ್ಕದಲ್ಲಿ ಇರುವುದಿಲ್ಲ.

ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ನಮ್ಮಲ್ಲಿ ಹಳೆಯದು. ಅಲ್ಲಿ ನಡೆಯುವುದು ಕಾಗದ, ಕಣ್ಣೀರಲ್ಲ. ಆದ್ದರಿಂದ ಕಾಗದ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡುವುದು ಒಳ್ಳೆಯದು.

ಒಂದು ಲ್ಯಾಪ್‌ಟಾಪಿಗೆ ಮಾಫಿ

ಕಾನೂನು ಜನ ಹೆದರುವಷ್ಟು ಕಠಿಣವೇನಲ್ಲ. 18 ವರ್ಷ ತುಂಬಿದ ಪ್ರಯಾಣಿಕ ತನ್ನ ಸಾಮಾನಿನ ಜೊತೆ ಒಂದು ಲ್ಯಾಪ್‌ಟಾಪ್ ತಂದರೆ ಅದಕ್ಕೆ ಸುಂಕವಿಲ್ಲ. ಈ ಮಾಫಿ 2004ರ ಅಧಿಸೂಚನೆಯಿಂದ ಬಂದದ್ದು. ಗಂಡ ಹೆಂಡತಿ ಇಬ್ಬರೂ ಬಂದರೆ ಆಳಿಗೊಂದರಂತೆ ಎರಡು ತರಬಹುದು. ಬೆಲೆ ಇಷ್ಟೇ ಇರಬೇಕೆಂಬ ಕಟ್ಟೂ ಇದಕ್ಕೆ ಇಲ್ಲ.

ಉಳಿದ ಹೊಸ ಸಾಮಾನಿಗೆ ಬೇರೆ ಲೆಕ್ಕ. 2016ರ ಬ್ಯಾಗೇಜ್ ನಿಯಮಗಳು ವಿದೇಶದಿಂದ ಮರಳುವ ಭಾರತೀಯನಿಗೆ ಸಾಮಾನ್ಯವಾಗಿ 50,000 ರೂಪಾಯಿ ಬೆಲೆಯ ಸಾಮಾನನ್ನು ಸುಂಕವಿಲ್ಲದೆ ಬಿಟ್ಟವು. 2026ರ ಫೆಬ್ರವರಿಯಲ್ಲಿ ಹೊಸ ನಿಯಮ ಬಂದು ಈ ಮಿತಿ 75,000 ರೂಪಾಯಿಗೆ ಏರಿತು. ಅದರೊಳಗೆ ಎರಡನೇ ಲ್ಯಾಪ್‌ಟಾಪ್ ಮಾತ್ರವಲ್ಲ, ಮನೆಯವರಿಗೆ ತಂದ ವಾಚು, ಸೆಂಟು, ಹೊಸ ಫೋನು ಎಲ್ಲವೂ ಸೇರಬೇಕು.

ಜನ ಎಡವುವುದು ಮೂರು ಕಡೆ. ಮೊದಲನೆಯದು, ಮಾಫಿ ಇರುವುದು ಲ್ಯಾಪ್‌ಟಾಪಿಗೆ ಮಾತ್ರ. ಮೇಜಿನ ಮೇಲಿಡುವ ಕಂಪ್ಯೂಟರ್, ಟ್ಯಾಬ್ಲೆಟ್, ಈಚೆಗೆ ಕಾಲೇಜು ಹುಡುಗರು ಹಟ ಹಿಡಿದು ತರಿಸುವ ಗ್ರಾಫಿಕ್ಸ್ ಕಾರ್ಡು ಇವು ಯಾವುವೂ ಆ ಮಾಫಿಗೆ ಬರುವುದಿಲ್ಲ. ಕಾರ್ಡೊಂದರ ಬೆಲೆಯೇ ಲಕ್ಷ ದಾಟುವ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಎರಡನೆಯದು, ಮಿತಿಯನ್ನು ಕೂಡಿಸುವಂತಿಲ್ಲ. "ನಂದು ಅಷ್ಟು, ನಮ್ಮ ಯಜಮಾನರದು ಅಷ್ಟು, ಎರಡೂ ಸೇರಿಸಿ ಈ ಒಂದು ಮಿಷನ್ನಿಗೆ ಹಾಕ್ಕೊಳ್ಳಿ" ಎಂದರೆ ನಡೆಯದು.

ಮೂರನೆಯದು, ನೆಂಟರಿಗೆ ತಂದದ್ದು. ನಿಯಮ ಒಪ್ಪುವುದು ಪ್ರಯಾಣಿಕನ ಸ್ವಂತ ಬಳಕೆಯ ಸಾಮಾನನ್ನು, ಉಡುಗೊರೆಯನ್ನು. ದುಡ್ಡು ಇಸಕೊಂಡು ಮೂಲೆ ಅಂಗಡಿಯವರಿಗೆ ತಂದುಕೊಟ್ಟರೆ ಅದು ಉಡುಗೊರೆ ಹೇಗಾದೀತು? ನಾಲ್ಕು ಡಬ್ಬ ಒಂದೇ ತರಹದ ಸಾಮಾನು ಕಂಡರೆ ಅದು ವ್ಯಾಪಾರವೋ ಬಳಕೆಯೋ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ವ್ಯಾಪಾರ ಎಂದು ಕಂಡರೆ ಬ್ಯಾಗೇಜ್ ರಿಯಾಯಿತಿಗಳ ಮಾತೇ ಇಲ್ಲ.

ಲೆಕ್ಕ ತಪ್ಪುವುದು ಇಲ್ಲಿ

ಮಿತಿ ದಾಟಿದ ಸಾಮಾನಿಗೆ ಎಷ್ಟು ಸುಂಕ? 2018ರಲ್ಲಿ ಸಮಾಜ ಕಲ್ಯಾಣ ಸರ್‌ಚಾರ್ಜ್ ಸೇರಿದ ಮೇಲೆ ಪ್ರಯಾಣಿಕರ ಸಾಮಾನಿನ ಸುಂಕ ನೂರಕ್ಕೆ 38.5 ಆಯಿತು. ಅದಕ್ಕೆ ಮುಂಚೆ 36 ಚಿಲ್ಲರೆ ಇತ್ತು.

ಈಗ ಅದೇ ಲ್ಯಾಪ್‌ಟಾಪನ್ನು ದೊಡ್ಡ ಕಂಪನಿಯೊಂದು ಸಾವಿರಗಟ್ಟಲೆ ಡಬ್ಬ ತುಂಬಿಸಿ ಹಡಗಿನಲ್ಲಿ ತರಿಸಿತು ಎನ್ನಿ. ಅದರ ಮೂಲ ಸುಂಕ ಎಷ್ಟು? ಸೊನ್ನೆ. ಆಶ್ಚರ್ಯವಾದೀತು, ಆದರೆ ನಿಜ. ಕಟ್ಟಬೇಕಾದ್ದು ನೂರಕ್ಕೆ 18ರ ಜಿಎಸ್‌ಟಿ ಮಾತ್ರ. ಅದನ್ನೂ ವ್ಯಾಪಾರಿ ಮುಂದಿನ ಮಾರಾಟದ ತೆರಿಗೆಯಲ್ಲಿ ವಜಾ ಹಾಕಿಕೊಳ್ಳುತ್ತಾನೆ. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಬಿಲ್ಲು ಹಾಕಿಸಿಕೊಂಡು ಕೊಳ್ಳುವ ಗಿರಾಕಿ ಕೊಡುವ ತೆರಿಗೆ ಆ 18 ಅಷ್ಟೆ.

ಒಂದು ಉದಾಹರಣೆ ನೋಡೋಣ. ಗೊಟ್ಟಿಗೆರೆಯ ಹುಡುಗನೊಬ್ಬ ವಿಡಿಯೋ ಕೆಲಸಕ್ಕೆಂದು 3 ಲಕ್ಷ ರೂಪಾಯಿಯ ಯಂತ್ರ ತಂದ, ಅದು ಅವನ ಎರಡನೇ ಲ್ಯಾಪ್‌ಟಾಪ್ ಎನ್ನೋಣ. 2016ರ ನಿಯಮದಂತೆ 50,000 ಕಳೆದು ಉಳಿದ ಎರಡೂವರೆ ಲಕ್ಷಕ್ಕೆ 38.5ರಂತೆ ಸುಂಕ 96,250 ರೂಪಾಯಿ. ಮಿತಿ 75,000ಕ್ಕೆ ಏರಿದ ಮೇಲೂ ಅದೇ ದರ ಹಿಡಿದು ಲೆಕ್ಕ ಹಾಕಿದರೆ 86,625 ರೂಪಾಯಿ. ಅದೇ ಬೆಲೆಗೆ ಅಂಗಡಿಯಲ್ಲಿ ಕೊಂಡಿದ್ದರೆ ಜಿಎಸ್‌ಟಿ 54,000 ರೂಪಾಯಿ. ಅಂದರೆ ಮನೆಗೆಂದು ತಾನೇ ಹೊತ್ತು ತಂದವನು ಅಂಗಡಿ ಗಿರಾಕಿಗಿಂತ ಮೂವತ್ತು ಸಾವಿರಕ್ಕೂ ಹೆಚ್ಚು ತೆರಬೇಕು. "ಅಲ್ಲಿ ಅಗ್ಗವಂತೆ" ಎಂದದ್ದು ಎಲ್ಲಿಗೆ ಹೋಯಿತು?

ಇದಕ್ಕೆ ಕಾರಣ ಯಾರದೋ ಕೇಡಿನ ಬುದ್ಧಿಯಲ್ಲ. ಸುಂಕದ ಪಟ್ಟಿಯಲ್ಲಿ ಪ್ರತಿ ವಸ್ತುವಿಗೂ ಒಂದು ನಂಬರಿದೆ. ಕಂಪ್ಯೂಟರಿನ ನಂಬರು 8471. ಭಾರತ 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ, 2005ರ ಹೊತ್ತಿಗೆ ಈ ನಂಬರಿನ ಸುಂಕವನ್ನು ಸೊನ್ನೆಗೆ ಇಳಿಸಿತು. ಆದರೆ ಪ್ರಯಾಣಿಕನ ಪೆಟ್ಟಿಗೆಗೆ ಬೇರೆಯೇ ನಂಬರು, 9803. ಅದರೊಳಗೆ ಕಂಪ್ಯೂಟರಿರಲಿ, ಕುಕ್ಕರಿರಲಿ, ಕ್ಯಾಮೆರಾ ಇರಲಿ, ಎಲ್ಲವನ್ನೂ ಒಂದೇ ರಾಶಿ ಎಂದು ನೋಡಿ ಒಂದೇ ದರ ಹಾಕುತ್ತಾರೆ. ಒಪ್ಪಂದದ ಲಾಭ ಹಡಗಿನ ಡಬ್ಬಕ್ಕೆ ಸಿಕ್ಕಿತು. ಸೂಟ್‌ಕೇಸಿಗೆ ಸಿಗಲಿಲ್ಲ.

ಇಲಾಖೆಯ ಕಡೆಯಿಂದಲೂ ಒಂದು ಮಾತಿದೆ. ನಡುರಾತ್ರಿ ಒಂದರ ಹಿಂದೊಂದು ವಿಮಾನ ಇಳಿಯುವಾಗ ಪ್ರತಿ ಪೆಟ್ಟಿಗೆಯ ಪ್ರತಿ ವಸ್ತುವಿಗೂ ಪಟ್ಟಿ ತೆಗೆದು ನಂಬರು ಹುಡುಕುತ್ತ ಕೂತರೆ ಸಾಲು ಬೆಳಗಾದರೂ ಕರಗದು. ಒಂದೇ ದರವಿದ್ದರೆ ಕೆಲಸ ಸಲೀಸು. ದರ ಜಾಸ್ತಿಯಿದ್ದರೆ ಪೆಟ್ಟಿಗೆಯಲ್ಲಿ ವ್ಯಾಪಾರ ಮಾಡುವವರಿಗೆ ಕಡಿವಾಣ. ತೆರಿಗೆ ಕಟ್ಟಿ ಬಾಗಿಲು ತೆರೆದು ಕೂತಿರುವ ಅಂಗಡಿಯವನಿಗೆ ಇದರಿಂದ ರಕ್ಷಣೆಯೂ ಉಂಟು. ಈ ವಾದ ತಳ್ಳಿಹಾಕುವಂಥದ್ದಲ್ಲ. ಆದರೆ ಅಂಗಡಿಯವನಿಗೆ ರಕ್ಷಣೆ ಕೊಡಲು ಅವನ 18ರಷ್ಟೇ ಇವನಿಗೂ ಹಾಕಿದರೆ ಸಾಲದೆ? ಎರಡರಷ್ಟು ಏಕೆ ಎಂಬುದೇ ಪ್ರಶ್ನೆ.

ಜಯನಗರದವರು ಕಂಡ 135

ಕಂಪ್ಯೂಟರಿಗೂ ಸುಂಕದ ಕಟ್ಟೆಗೂ ಇರುವ ಜಗಳ ಬೆಂಗಳೂರಿನ ದಕ್ಷಿಣ ಭಾಗಕ್ಕೆ ಹೊಸದಲ್ಲ. ಇನ್ಫೋಸಿಸ್ ಕಂಪನಿ 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಬಂತು. ಆಗ ಅದರ ಠಿಕಾಣಿ ಜಯನಗರ. ಎಲೆಕ್ಟ್ರಾನಿಕ್ಸ್ ಸಿಟಿಯ ಗಾಜಿನ ಕಟ್ಟಡಗಳು ಅಂದು ಕನಸಿನಲ್ಲೂ ಇರಲಿಲ್ಲ. ಕಂಪ್ಯೂಟರ್ ತರಿಸಲು ದಿಲ್ಲಿಯ ಲೈಸೆನ್ಸು ಬೇಕಿತ್ತು. ಅದಕ್ಕಾಗಿ ಮತ್ತೆ ಮತ್ತೆ ದಿಲ್ಲಿಗೆ ಅಲೆಯಬೇಕಿತ್ತು.

1984ರ ಫೆಬ್ರವರಿಯಲ್ಲಿ ಕಂಪನಿ ಒಂದು ಸೂಪರ್ ಮಿನಿ ಕಂಪ್ಯೂಟರ್ ತರಿಸಿತು. ಯಂತ್ರ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದಾಗ, ತನ್ನನ್ನು ನೋಡಿಕೊಳ್ಳದ ಹೊರತು ಬಿಡುವುದಿಲ್ಲ ಎಂದು ಅಲ್ಲಿನ ಅಧಿಕಾರಿಯೊಬ್ಬ ಪಟ್ಟು ಹಿಡಿದನೆಂದು ಸ್ಥಾಪಕರಲ್ಲಿ ಒಬ್ಬರಾದ ಎನ್.ಆರ್. ನಾರಾಯಣ ಮೂರ್ತಿಯವರೇ ಮುಂದೆ ಬರೆದಿದ್ದಾರೆ. ಲಂಚ ಕೊಡದಿದ್ದರೆ ಉಳಿದ ದಾರಿ ನೂರಕ್ಕೆ 135ರ ಸುಂಕ ಪೂರ್ತಿ ಕಟ್ಟಿ, ಆಮೇಲೆ ಮೇಲ್ಮನವಿ ಹಾಕುವುದು. ಲಕ್ಷದ ಯಂತ್ರಕ್ಕೆ ಲಕ್ಷದ ಮೂವತ್ತೈದು ಸಾವಿರ ಸುಂಕ! ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ತಡವಾದರೆ ಹಿಡಿದ ಕೆಲಸ ಕೆಡುವ ಭಯ ಬೇರೆ. ಆದರೂ ಅವರು ಲಂಚ ಕೊಡದೆ ಸುಂಕವನ್ನೇ ಕಟ್ಟಿದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ದಿಲ್ಲಿ ಲೈಸೆನ್ಸು ಕೊಟ್ಟರೂ ಇಲ್ಲಿ ಬಾಗಿಲು ತೆರೆಯಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂದು ಆಮದಿನ ಬಿಗಿ ಸಡಿಲಿಸಿತು. 1991ರ ನಂತರ ಇನ್ನಷ್ಟು ಸಡಿಲವಾಯಿತು. 135 ಇಳಿಯುತ್ತ ಇಳಿಯುತ್ತ ಸೊನ್ನೆಗೆ ಬಂತು. ಆದರೆ ಆ ಕಾಲ ಬಿಟ್ಟುಹೋದ ಭಯ ಮಾತ್ರ ಇಳಿಯಲಿಲ್ಲ. ಸುಂಕದವರ ಕಣ್ಣು ತಪ್ಪಿಸಿ ಬರುವುದೇ ಜಾಣತನ ಎಂಬ ಮಾತು ಅಂದಿನಿಂದ ಇಂದಿನವರೆಗೆ ನೆಂಟರ ಬಾಯಲ್ಲಿ ಹಾಗೇ ನಡೆದುಬಂದಿದೆ.

ಆ ಭಯಕ್ಕೆ 2023ರಲ್ಲಿ ಮತ್ತೆ ನೀರು ಗೊಬ್ಬರ ಬಿತ್ತು. ಆಗಸ್ಟ್ 3ರಂದು ವಿದೇಶ ವ್ಯಾಪಾರ ಮಹಾ ನಿರ್ದೇಶನಾಲಯ ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಸರ್ವರ್‌ಗಳ ಆಮದಿಗೆ ಲೈಸೆನ್ಸು ಬೇಕೆಂದು ದಿಢೀರನೆ ಆದೇಶ ಹೊರಡಿಸಿತು. ಮಾರನೆ ದಿನವೇ ಅದನ್ನು ಅಕ್ಟೋಬರ್ ಕೊನೆಯವರೆಗೆ ಮುಂದಕ್ಕೆ ಹಾಕಿತು. ಕೊನೆಗೆ ಅಕ್ಟೋಬರಿನಲ್ಲಿ ಲೈಸೆನ್ಸಿನ ಬದಲು ಆನ್‌ಲೈನಿನಲ್ಲಿ ಅನುಮತಿ ಪಡೆಯುವ ವ್ಯವಸ್ಥೆ ತಂದಿತು. ಪ್ರಯಾಣಿಕರು ಬ್ಯಾಗೇಜ್ ನಿಯಮದಂತೆ ತರುವ ಯಂತ್ರಕ್ಕೆ ಈ ನಿರ್ಬಂಧ ಅನ್ವಯಿಸುವುದಿಲ್ಲವೆಂದು ಮೊದಲ ದಿನದ ಆದೇಶದಲ್ಲೇ ಬರೆದಿತ್ತು. ಆ ಸಾಲನ್ನು ಓದಿದವರು ಕಡಿಮೆ. "ಇನ್ಮೇಲೆ ಲ್ಯಾಪ್‌ಟಾಪೇ ತರೋ ಹಾಗಿಲ್ಲವಂತೆ" ಎಂಬ ಸುದ್ದಿ ಮಾತ್ರ ಬಸ್ಸಿಗಿಂತ ಜೋರಾಗಿ ಓಡಿತು.

ತನ್ನದೇ ಯಂತ್ರಕ್ಕೆ ತಾನೇ ಸಾಕ್ಷಿ

ಹೊಸದು ತರುವವರ ಕಥೆ ಹಾಗಿರಲಿ. ಇಲ್ಲಿಂದಲೇ ಒಯ್ದದ್ದನ್ನು ವಾಪಸು ತರುವವರಿಗೂ ಪೇಚಾಟ ಉಂಟು. ಆಫೀಸಿನ ಲ್ಯಾಪ್‌ಟಾಪ್ ಒಂದು, ಸ್ವಂತದ್ದೊಂದು ಹಿಡಿದು ಹೋದವನು ಎರಡನ್ನೂ ಹಿಡಿದು ಬಂದರೆ ಲೆಕ್ಕಕ್ಕೆ ಎರಡು. ಎರಡನೆಯದು ಅಲ್ಲಿ ಕೊಂಡದ್ದಲ್ಲ ಎಂದು ತೋರಿಸುವ ಹೊಣೆ ಅವನ ಮೇಲೆ. ಯಂತ್ರವೇನು ಬಾಯಿ ಬಿಟ್ಟು ಹೇಳುತ್ತದೆಯೇ?

ಇದಕ್ಕೆ ಕಾನೂನಿನಲ್ಲೇ ಮದ್ದಿದೆ. ಅದರ ಹೆಸರು ಎಕ್ಸ್‌ಪೋರ್ಟ್ ಸರ್ಟಿಫಿಕೇಟು. ಬೆಲೆಬಾಳುವ ವಸ್ತು ಒಯ್ಯುವವರು ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಗೆ ವಸ್ತು ತೋರಿಸಿ, ಅದರ ಸೀರಿಯಲ್ ನಂಬರು ಬರೆಸಿ, ಚೀಟಿ ಪಡೆಯಬಹುದು. ಬರುವಾಗ ಆ ಚೀಟಿ ತೋರಿಸಿದರೆ ಸುಂಕದ ಮಾತಿಲ್ಲ. ಹಿಂದೆ ಕ್ಯಾಮೆರಾ, ಟೇಪ್ ರೆಕಾರ್ಡರ್ ಒಯ್ಯುವವರು ಹೀಗೇ ಬರೆಸಿಕೊಂಡು ಹೋಗುತ್ತಿದ್ದರು. ಅಮೆರಿಕದಲ್ಲೂ ಇದೇ ಬಗೆಯ ಒಂದು ಫಾರಂ ಇದೆ, ನಂಬರು 4457. ಹೊರಡುವ ಮುನ್ನ ಅಲ್ಲಿನ ಸುಂಕದವರಿಂದ ಸಹಿ ಹಾಕಿಸಿಕೊಂಡರೆ ಮರಳುವಾಗ ಪ್ರಶ್ನೆಯಿಲ್ಲ.

ತೊಡಕೆಂದರೆ, ಪೆಟ್ಟಿಗೆಯನ್ನು ವಿಮಾನದವರಿಗೆ ಒಪ್ಪಿಸುವ ಮೊದಲೇ ಈ ಕೆಲಸ ಆಗಬೇಕು. ಗೊಟ್ಟಿಗೆರೆ ಊರಿನ ದಕ್ಷಿಣದ ತುದಿ, ವಿಮಾನ ನಿಲ್ದಾಣ ದೇವನಹಳ್ಳಿಯ ಕಡೆ, ಉತ್ತರದ ತುದಿ. 2008ರ ಮೇ ತಿಂಗಳವರೆಗೆ ಎಚ್‌ಎಎಲ್ ನಿಲ್ದಾಣವಿದ್ದಾಗ ಇಷ್ಟು ದೂರ ಇರಲಿಲ್ಲ. ಈಗ ಜಯದೇವ ದಾಟಿ, ಊರೆಲ್ಲ ಸುತ್ತಿ, ಬೆವರೊರೆಸಿಕೊಂಡು ಹೋಗಿ ಸೇರುವ ಹೊತ್ತಿಗೆ ಗಡಿಯಾರ ಓಡುತ್ತಿರುತ್ತದೆ. ಸರ್ಟಿಫಿಕೇಟಿಗೆ ನಿಲ್ಲುವ ತಾಳ್ಮೆ ಯಾರಿಗಿದೆ? ಆದರೆ ಹೋಗುವಾಗ ಉಳಿಸಿದ ಅರ್ಧ ಗಂಟೆ ಬರುವಾಗ ಅರ್ಧ ರಾತ್ರಿಯನ್ನು ನುಂಗಬಹುದು.

ಅದೂ ಆಗದಿದ್ದರೆ ಕನಿಷ್ಠ ಮೂರು ಕಾಗದ ಜೊತೆಗಿರಲಿ. ಸೀರಿಯಲ್ ನಂಬರು ಬರೆದ ಅಂಗಡಿ ಬಿಲ್ಲು. ಆಫೀಸಿನ ಯಂತ್ರವಾದರೆ ಅದೇ ನಂಬರು ಹಾಕಿದ ಕಂಪನಿಯ ಪತ್ರ. ಎರಡರದೂ ನಕಲು. ಬಿಲ್ಲಿದ್ದರೆ ವಾದ ಮಾಡಲು ದಾರಿಯಿದೆ, ಸರ್ಟಿಫಿಕೇಟಿದ್ದರೆ ವಾದವೇ ಬೇಕಿಲ್ಲ. ಹೊಸದು ತಂದವರಿಗೂ ಬಿಲ್ಲು ಮುಖ್ಯ. ಅದು ಇಲ್ಲದಿದ್ದರೆ ಬೆಲೆ ಕಟ್ಟುವವರು ಅಧಿಕಾರಿಗಳು, ಕೊಂಡವನಲ್ಲ.

ಬೇಸಿಗೆ ರಜೆಗೆ ಬರುವ ಹೊರದೇಶದ ಮೊಮ್ಮಕ್ಕಳು, ನೆಂಟರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸುಂಕ ಕಟ್ಟಲು ಮನಸ್ಸಿಲ್ಲದ ವಸ್ತುವನ್ನು ಇಳಿದ ಕೂಡಲೆ ಘೋಷಿಸಿ, ಕಸ್ಟಮ್ಸ್‌ನವರ ವಶದಲ್ಲಿಟ್ಟು, ಮರಳಿ ಹೋಗುವಾಗ ವಾಪಸು ಪಡೆಯಲು 1962ರ ಕಸ್ಟಮ್ಸ್ ಕಾಯಿದೆಯ 80ನೇ ಕಲಮಿನಲ್ಲಿ ಅವಕಾಶವಿದೆ. ಮೊದಲೇ ಹೇಳಿಕೊಂಡವರಿಗಷ್ಟೇ ಇದು.

ಕೆಂಪು ದಾರಿ ಅವಮಾನವಲ್ಲ

ಕೊನೆಗೆ ಎಲ್ಲವೂ ನಿಲ್ಲುವುದು ಆ ಎರಡು ದಾರಿಗಳ ಮುಂದೆ. ಕೆಂಪು ದಾರಿಗೆ ಹೋಗುವವರು ಕಳ್ಳರು ಎಂಬ ಭಾವನೆ ಜನರಲ್ಲಿದೆ. ನಿಜ ಅದಕ್ಕೆ ತದ್ವಿರುದ್ಧ. ಹಸಿರಿನಲ್ಲಿ ಕಾಲಿಟ್ಟರೆ ಸುಂಕದ ವಸ್ತು ತನ್ನ ಬಳಿ ಇಲ್ಲ ಎಂದು ಬಾಯಿ ತೆರೆಯದೆ ಹೇಳಿದಂತೆ. ಅಲ್ಲಿ ಸಿಕ್ಕಿಬಿದ್ದರೆ ವಸ್ತು ಜಪ್ತಿ. ಬಿಡಿಸಿಕೊಳ್ಳಲು ದಂಡ, ಅದರ ಮೇಲೆ ಸುಂಕ, ಅಲ್ಲದೆ ಸ್ವಂತದ ಮೇಲೆ ಇನ್ನೊಂದು ದಂಡ ಬೀಳಬಹುದು. ಕೆಂಪಿನಲ್ಲಿ ಹೋಗಿ ಹೇಳಿಕೊಂಡವನಿಗೆ ಸುಂಕ ಮಾತ್ರ, ರಸೀತಿ ಪಡೆದು ತಲೆ ಎತ್ತಿ ಹೊರಬರಬಹುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನೆಂಟರ ಹುಡುಗನ ಲ್ಯಾಪ್‌ಟಾಪಿಗಾಗಿ ಕೆಲಸದಲ್ಲಿರುವ ಹುಡುಗ ತನ್ನ ಹೆಸರನ್ನು ಇಲಾಖೆಯ ಕಡತದಲ್ಲಿ ಬರೆಸಿಕೊಳ್ಳುವುದು ಬೇಕೆ?

ಅಂಗಡಿಯವರಿಗೂ ಒಂದು ಮಾತು. ಹೀಗೆ ತರಿಸಿದ ಯಂತ್ರಕ್ಕೆ ಇಲ್ಲಿನ ಜಿಎಸ್‌ಟಿ ಬಿಲ್ಲು ಇರುವುದಿಲ್ಲ, ಲೆಕ್ಕಪುಸ್ತಕದಲ್ಲಿ ಬರೆಯಲು ಆಗುವುದಿಲ್ಲ. ಕೆಟ್ಟರೆ ಇಲ್ಲಿ ಗ್ಯಾರಂಟಿ ನಡೆಯುತ್ತದೋ ಇಲ್ಲವೋ ಅದನ್ನೂ ಮೊದಲೇ ಕೇಳಿಕೊಳ್ಳಬೇಕು. ಸುಂಕದ ಅಪಾಯ ಸೇರಿಸಿ ಲೆಕ್ಕ ಹಾಕಿದರೆ ಬಹಳ ಸಲ ಎಸ್.ಪಿ. ರಸ್ತೆಯೇ ಅಗ್ಗ.

ಇಷ್ಟೆಲ್ಲ ಪ್ರಯಾಣಿಕನ ಪಾಲಿನ ಕರ್ತವ್ಯವಾಯಿತು. ಇಲಾಖೆಯ ಪಾಲಿನದು? ಹೊರಡುವವರ ಕಣ್ಣಿಗೆ ಬೀಳುವ ಜಾಗದಲ್ಲಿ ಸರ್ಟಿಫಿಕೇಟ್ ಎಲ್ಲಿ ಸಿಗುತ್ತದೆ ಎಂದು ಕನ್ನಡದಲ್ಲಿ ದೊಡ್ಡ ಅಕ್ಷರದ ಬೋರ್ಡು ಇರಬೇಕು. ಬರುವವರ ಘೋಷಣೆಗೆ 2019ರಲ್ಲಿ ಅತಿಥಿ ಎಂಬ ಮೊಬೈಲ್ ಆಪ್ ತಂದ ಇಲಾಖೆ, ಹೋಗುವವರ ಯಂತ್ರದ ನಂಬರನ್ನೂ ಮನೆಯಿಂದಲೇ ನೋಂದಾಯಿಸುವಂತೆ ಸರಳ ವ್ಯವಸ್ಥೆ ಮಾಡಿದರೆ ಅರ್ಧ ಜಗಳ ಹೊಸಿಲಲ್ಲೇ ಮುಗಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ವಂತಕ್ಕೆ ತಂದ ಒಂದು ಕಂಪ್ಯೂಟರಿಗೆ ಅಂಗಡಿಯ ಗಿರಾಕಿ ಕೊಡುವಷ್ಟೇ ತೆರಿಗೆ ಹಾಕಿದರೆ ಕದ್ದು ತರುವ ಆಸೆಯೂ ಇರದು, ಹೆದರಿ ನಡೆಯುವ ಪ್ರಮೇಯವೂ ಬಾರದು.

1984ರಲ್ಲಿ ಜಯನಗರದ ಕಂಪನಿಗೆ 135 ಕಟ್ಟಿಸಿದ ದೇಶ, ಕಂಪ್ಯೂಟರಿನ ದುಡಿಮೆಯಿಂದ ಏನಾಗಬಹುದೆಂದು ಕಂಡು ಸುಂಕವನ್ನು ಸೊನ್ನೆ ಮಾಡಿತು. ದುಡಿಯುವ ಹುಡುಗರು ಹೆಗಲಿಗೆ ನೇತುಹಾಕಿಕೊಂಡು ಬರುವ ಯಂತ್ರಕ್ಕೆ ಮಾತ್ರ ಇನ್ನೂ ಬೇರೆ ತಕ್ಕಡಿ. ದಿಲ್ಲಿಯವರು ಈ ತಕ್ಕಡಿಯನ್ನೊಮ್ಮೆ ಸರಿಮಾಡುವರೇ? ಅಲ್ಲಿಯವರೆಗೆ ಹೊರಡುವವರು ಇಡ್ಲಿ ಪುಡಿ, ಉಪ್ಪಿನಕಾಯಿ ಕಟ್ಟಿಕೊಳ್ಳುವ ಮೊದಲು ಲ್ಯಾಪ್‌ಟಾಪಿನ ಬಿಲ್ಲು ಎಲ್ಲಿದೆ ಎಂದು ಹುಡುಕಿಕೊಳ್ಳುವುದು ವಾಸಿ.